ನಂಬರ್ ಕೂಡದ ರೈಫಲ್

ಮಾವ ಸೈನ್ಯದ ದುರಸ್ತಿ ವಿಭಾಗವಾದ ಇಎಂಇಯಲ್ಲಿ ಆರ್ಮರರ್ ಆಗಿದ್ದವರು. ಬಂದೂಕು ಬಿಚ್ಚಿ, ಒರೆಸಿ, ಕೆಟ್ಟ ಭಾಗ ಬದಲಿಸಿ, ಗೇಜ್ ಹಾಕಿ ನೋಡಿ ವಾಪಸ್ ಕೊಡುವುದೇ ಅವರ ಕೆಲಸವಾಗಿತ್ತು. ಪಿಂಚಣಿಯಾದ ಮೇಲೆ ಆಂಧ್ರದ ಆಸ್ಪರಿಯಲ್ಲಿ ನೆಲೆಸಿದ್ದಾರೆ. ಸೊಸೆ, ಅಂದರೆ ತಂಗಿಯ ಮಗಳು, ಕಾಲೇಜಿನಲ್ಲಿ ಇತಿಹಾಸ ಹೇಳುವವಳು. ಕಾಲೇಜಿನ ಎನ್‌ಸಿಸಿ ಕೋಣೆಯಲ್ಲಿ ಎರಡು ಹಳೆಯ .303 ಡ್ರಿಲ್ ರೈಫಲ್‌ಗಳಿವೆ. ಅವುಗಳಲ್ಲಿ ಒಂದನ್ನು ಪ್ರದರ್ಶನಕ್ಕಿಟ್ಟು, ಪಕ್ಕದಲ್ಲಿ ವಿವರದ ಚೀಟಿ ಅಂಟಿಸುವ ಕೆಲಸ ಅವಳ ಪಾಲಿಗೆ ಬಂದಿದೆ. ಫೋನಿನ ತುಂಬ ಫೋಟೋ ಹಿಡಿದುಕೊಂಡು ಬಂದಿದ್ದಾಳೆ.

ಸೊಸೆ: ಚೀಟಿ ಬರೆದೇ ಬಿಟ್ಟಿದೀನಿ ಮಾವ. "ಎರಡನೇ ಮಹಾಯುದ್ಧದ ಅಸಲಿ ರೈಫಲ್, ಇಷಾಪುರ, 1942." ನೀವು ಒಂದ್ಸಲ ಹೂಂ ಅಂದ್ರೆ ಪ್ರಿಂಟ್‌ಗೆ ಕೊಡ್ತೀನಿ.

ಮಾವ: 1942 ಅಂತ ಎಲ್ಲಿ ಓದಿದ್ಯವ್ವ?

ಸೊಸೆ: ಇಲ್ನೋಡಿ. ಕಟ್ಟಿಗೆ ಬಟ್ ಶುರುವಾಗೋ ಜಾಗದಲ್ಲಿ, ಬಲಗಡೆ ಕಬ್ಬಿಣದ ಮೇಲೆ. ಕಿರೀಟ, ಅದರ ಕೆಳಗೆ ಜಿ.ಆರ್.ಐ., ಇಷಾಪುರ, ಇಸವಿ, ಆಮೇಲೆ ನಂಬರ್ 1 ಮಾರ್ಕ್ 3, ಪಕ್ಕದಲ್ಲಿ ಒಂದು ನಕ್ಷತ್ರ.

ಮಾವ: ಅದಕ್ಕೆ ಬಟ್ ಸಾಕೆಟ್ ಅಂತಾರೆ. ಜಿ.ಆರ್.ಐ. ಅಂದ್ರೆ ರಾಜ ಜಾರ್ಜ್, ಚಕ್ರವರ್ತಿ ಅಂತ. ಇಷಾಪುರ ಕಲ್ಕತ್ತಾ ಹತ್ರ, ಹೂಗ್ಲಿ ದಡದಾಗೆ ಐತೆ. 1904ರಲ್ಲಿ ಹಾಕಿದ ರೈಫಲ್ ಫ್ಯಾಕ್ಟರಿ ಅದು. ಆ ನಕ್ಷತ್ರ ಮೊದಲ ಮಹಾಯುದ್ಧದ ಗುರುತು. 1907ರ ಮಾರ್ಕ್ 3ರಲ್ಲಿ ಮ್ಯಾಗಜಿನ್ ಮುಚ್ಚೋ ಕಟ್-ಆಫ್ ತಗಡು ಇತ್ತು, ದೂರಕ್ಕೆ ಗುಂಪಾಗಿ ಹೊಡೆಯೋಕೆ ಪಕ್ಕದಾಗೆ ಬೇರೆ ಸೈಟ್ ಇತ್ತು. ಯುದ್ಧದಾಗೆ ಬೇಗ ಬೇಗ ತಯಾರಾಗಬೇಕು ಅಂತ 1916ರಲ್ಲಿ ಅವನ್ನ ತೆಗೆದ್ರು, ನಕ್ಷತ್ರ ಹಾಕಿದ್ರು. ನೀನು ಓದಿರೋದೇನೋ ಸರಿ. ಆದರೆ ಅದು ಬಾಡಿ ಹುಟ್ಟಿದ ವರ್ಷ. ಉಳಿದದ್ದು ಯಾವಾಗ ಹುಟ್ಟಿದ್ದು ಅಂತ ಆ ಜಾಗ ಹೇಳಲ್ಲ.

ಸೊಸೆ: ಅದನ್ನೂ ನೋಡಿದೀನಿ. ಬಾಡಿ ಮೇಲಿನ ನಂಬರೂ ಬ್ಯಾರಲ್ ಬುಡದ ನಂಬರೂ ಒಂದೇ. ಕೂಡುತ್ತೆ. ಅಂದ್ಮೇಲೆ ಅಸಲಿ ಅಲ್ವಾ?

ಮಾವ: ಬ್ಯಾರಲ್ ಮುಚ್ಚೋ ಹ್ಯಾಂಡ್‌ಗಾರ್ಡ್ ಕಟ್ಟಿಗೆ ತೆಗೆದ ಫೋಟೋ ಐತಾ?

ಸೊಸೆ: ಇದೆ. ಎನ್‌ಸಿಸಿ ಕಲಿಸೋ ಪಿಐ ಸಾಹೇಬ್ರು ಕ್ಲೀನಿಂಗ್‌ಗೆ ಬಿಚ್ಚಿದಾಗ ತೆಗೆದದ್ದು.

ಮಾವ: ದೊಡ್ಡದು ಮಾಡು. ಹಾಂ, ಬ್ಯಾರಲ್ ಬುಡದಾಗೆ ಇಸವಿ ಓದು.

ಸೊಸೆ: ಐದು, ಐದು. 55. ಪಕ್ಕದಲ್ಲಿ ಆರ್.ಎಫ್.ಐ.

ಮಾವ: ರೈಫಲ್ ಫ್ಯಾಕ್ಟರಿ ಇಷಾಪುರ. ಸ್ವಾತಂತ್ರ್ಯ ಬಂದ ಮೇಲಿನ ಮುದ್ರೆ. ಈ ಬ್ಯಾರಲ್ ಹುಟ್ಟಿದ್ದು 1955ರಲ್ಲಿ. ಬಾಡಿ ತಯಾರಾದಾಗ ನಮ್ಮ ಆಸ್ಪರಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಾಗೆ ಇತ್ತು. ಬ್ಯಾರಲ್ ಬರೋ ಹೊತ್ತಿಗೆ ಆಂಧ್ರ ರಾಜ್ಯಕ್ಕೆ ಸೇರಿ ಎರಡು ವರ್ಷ ಆಗಿತ್ತು.

ಸೊಸೆ: ಹಂಗಾದ್ರೆ ನಂಬರ್ ಹೆಂಗೆ ಕೂಡ್ತು?

ಮಾವ: ಕೂಡಿಸ್ಯಾರೆ. ಹೊಸ ಬ್ಯಾರಲ್ ಕೂಡ್ರಿಸಿದ ಮೇಲೆ ಬಾಡಿ ನಂಬರನ್ನೇ ಅದರ ಮೇಲೆ ಹೊಡೀಬೇಕು, ಅದು ರೂಲು. ಅಂಕಿಗಳನ್ನ ಅಕ್ಕಪಕ್ಕ ಇಟ್ಟು ನೋಡು. ಬಾಡಿ ಮೇಲಿನ 4ರ ತಲೆ ಮುಚ್ಚೈತೆ, ಬ್ಯಾರಲ್ ಮೇಲಿಂದು ತೆರೆದೈತೆ. ಪಂಚ್ ಬೇರೆ, ಹೊಡೆದ ಕೈ ಬೇರೆ. ನಂಬರ್ ಕೂಡಿದ ಮಾತ್ರಕ್ಕೆ ಅಸಲಿ ಅಲ್ಲ, ಕೂಡದಿದ್ರೆ ನಕಲಿನೂ ಅಲ್ಲ.

ಸೊಸೆ: ಸರಿ, ಬೋಲ್ಟ್ ನೋಡಿ. ಹಿಡಿಯ ಹಿಂದೆ ಎರಡು ನಂಬರ್ ಇದಾವೆ. ಒಂದರ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಬಾಡಿ ನಂಬರ್ ಹೊಡೆದಿದಾರೆ.

ಮಾವ: ಬೇರೆ ರೈಫಲ್‌ನ ಬೋಲ್ಟ್ ತಂದು ಇದಕ್ಕೆ ಹೊಂದಿಸ್ಯಾರೆ. ಹೊಂದಿಸೋದು ಅಂದ್ರೆ ಸುಮ್ನೆ ತುರುಕೋದಲ್ಲ. ಬೋಲ್ಟಿನ ಹಲ್ಲು ಎರಡೂ ಕಡೆ ಸಮನಾಗಿ ಬಾಡಿಗೆ ಒತ್ತಬೇಕು. ಬೋಲ್ಟ್ ಹೆಡ್ ಮುಂದೆ ಗೇಜ್ ಇಡ್ತೀವಿ. 0.064 ಇಂಚಿನ ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು, 0.074ರ ಮೇಲೆ ಮುಚ್ಚಬಾರದು. ಮುಚ್ಚಿದ್ರೆ ತೋಟಾದ ಹಿಂಭಾಗ ಹರಿದು ಹೊಡೆಯೋನ ಮುಖಕ್ಕೇ ಬಡಿಬಹುದು. ಅದಕ್ಕೇ ಬೋಲ್ಟಿಗೆ ನಂಬರ್ ಹಾಕೋದು. ಹತ್ತು ರೈಫಲ್ ಒಟ್ಟಿಗೆ ಬಿಚ್ಚಿದಾಗ ಯಾವನೂ ಅದಲು ಬದಲು ಮಾಡಬಾರದು ಅಂತ. ನಿಮ್ಮಂಥ ಇತಿಹಾಸದೋರು ಓದಲಿ ಅಂತ ಹಾಕಿದ್ದಲ್ಲವ್ವ.

ಸೊಸೆ: ಯಾವ ಕಾರಣಕ್ಕೆ ಹಾಕಿದ್ರೂ ನಾವು ಓದ್ತೀವಿ ಮಾವ. ತೆರಿಗೆ ಲೆಕ್ಕಕ್ಕೆ ಕೆತ್ತಿಸಿದ ಶಾಸನಾನೇ ನಾವು ಚರಿತ್ರೆ ಅಂತ ಓದೋದು. ಮುಂದೆ ನೋಡಿ, ತುದಿಯ ನೋಸ್ ಕ್ಯಾಪ್. ಅದರ ಮೇಲೆ ಬೇರೇನೇ ನಂಬರ್, ಅದನ್ನ ಹೊಡೆದೂ ಹಾಕಿಲ್ಲ.

ಮಾವ: ಅದು ಗುಂಡಿನ ಒತ್ತಡ ಹೊರೋ ಭಾಗ ಅಲ್ಲ. ಯಾರೋ ಸ್ಟೋರಿನಾಗಿದ್ದದ್ದು ತೆಗೆದು ಹಾಕ್ಯಾರೆ, ನಂಬರ್ ತಿದ್ದೋಕೆ ಹೋಗಿಲ್ಲ. ಇನ್ನೂ ಎರಡು ಜಾಗ ನೋಡಬೇಕು. ಬ್ಯಾಕ್‌ಸೈಟ್ ಎಲೆ ಎತ್ತಿ ಅದರ ಕೆಳಗೆ, ಆಮೇಲೆ ಮುಂದಿನ ಕಟ್ಟಿಗೆಯ ಅಡಿಯಲ್ಲಿ. ಎರಡರಲ್ಲೂ ನಂಬರ್ ಇರ್ತದೆ.

ಸೊಸೆ: ಸೈಟ್ ಎಲೆ ಕೂಡುತ್ತೆ. ಕಟ್ಟಿಗೆ ಕೂಡಲ್ಲ. ಅಷ್ಟೇ ಅಲ್ಲ, ಮ್ಯಾಗಜಿನ್ ಮುಂದೆ ಕಟ್ಟಿಗೆಗೆ ಅಡ್ಡಡ್ಡ ಒಂದು ಸ್ಕ್ರೂ ಬಿಗಿದಿದಾರೆ. ಯಾರೋ ಬಡಗಿ ಕೆಲಸ ಅನ್ಸುತ್ತೆ.

ಮಾವ: ಬಡಗಿ ಅಲ್ಲ, ಇಷಾಪುರವೇ. ಗುಂಡು ಹಾರಿದಾಗ ಹಿಂದೊದೆತ ಬಿದ್ದು ಬಿದ್ದು ಕಟ್ಟಿಗೆ ಅಲ್ಲಿ ಸೀಳತಿತ್ತು. ಸೀಳಬಾರದು ಅಂತ ಅಡ್ಡ ಸ್ಕ್ರೂ ಹಾಕಿದ್ರು. ಹೊರದೇಶದ ಸಂಗ್ರಹದಾರರು ಅದನ್ನ ಇಷಾಪುರ ಸ್ಕ್ರೂ ಅಂತ್ಲೇ ಕರೀತಾರೆ. ಅದು ಕಂಡ್ರೆ ಸಾಕು, ಈ ಬಂದೂಕು ಹಿಂದೂಸ್ತಾನದ ಸೇವೆಯಾಗೆ ಇತ್ತು ಅಂತ ದೂರದಿಂದ್ಲೇ ಹೇಳಬಹುದು.

ಸೊಸೆ: ಒಟ್ಟು ಲೆಕ್ಕ ಹಾಕಿ. ಬಾಡಿ 1942, ಬ್ಯಾರಲ್ 1955, ಬೋಲ್ಟ್ ಎಲ್ಲಿಯದೋ, ನೋಸ್ ಕ್ಯಾಪ್ ಇನ್ನೆಲ್ಲಿಯದೋ, ಕಟ್ಟಿಗೆ ಆಮೇಲಿಂದು. ಮೊದಲಿನದು ಅಂತ ಉಳಿದದ್ದು ಬಾಡಿ, ಸೈಟ್ ಎಲೆ ಎರಡೇ. ಇದನ್ನ 1942ರ ರೈಫಲ್ ಅಂತ ಹೆಂಗೆ ತೋರಿಸ್ಲಿ? ನನ್ನ ಹತ್ರ ಒಂದು ಉಪಾಯ ಇದೆ. ಆ ಇನ್ನೊಂದು ರೈಫಲ್ ಇದೆಯಲ್ಲ, ಅದೂ 1942ರದೇ. ಅದರ ಕಟ್ಟಿಗೆ, ನೋಸ್ ಕ್ಯಾಪ್ ಎಲ್ಲ ಅದರ ಬಾಡಿ ನಂಬರಿಗೆ ಕೂಡ್ತಾವೆ. ಕಟ್ಟಿಗೆಗೆ ಮಾತ್ರ ಅಲ್ಲಲ್ಲಿ ತಾಮ್ರದ ತಂತಿ ಸುತ್ತಿದಾರೆ, ಒಡೆದಿತ್ತೇನೋ. ಆ ತಂತಿ ಬಿಚ್ಚಿ, ಭಾಗ ತೆಗೆದು ಇದಕ್ಕೆ ಹಾಕಿಸಿದ್ರೆ 1942ರ ರೂಪದಲ್ಲಿ ಒಂದು ಶುದ್ಧ ರೈಫಲ್ ಸಿಗುತ್ತೆ.

ಮಾವ: ಎಲ್ಲಕ್ಕಿಂತ ಮೊದಲು ಒಂದು ಮಾತು. ಅವು ಕಾಲೇಜಿನವಲ್ಲ, ಸರ್ಕಾರದವು. ಎನ್‌ಸಿಸಿ ಯೂನಿಟ್‌ನ ಹುಕುಂ ಇಲ್ದೆ ಒಂದು ಸ್ಕ್ರೂ ತಿರುಗಿಸಂಗಿಲ್ಲ. ಎರಡನೇದು, ಆ ತಂತಿ ರಿಪೇರಿ ಅಲ್ಲ. ಅದು ಗ್ರೆನೇಡ್ ರೈಫಲ್. ಮೂತಿಗೆ ಬಟ್ಟಲು ಸಿಗಿಸಿ, 36ನೇ ನಂಬರಿನ ಮಿಲ್ಸ್ ಗ್ರೆನೇಡ್ ಇಟ್ಟು, ಗುಂಡಿಲ್ಲದ ತೋಟಾ ಹೊಡೆದು ಹಾರಿಸ್ತಿದ್ರು. ಆ ಹೊಡೆತಕ್ಕೆ ಕಟ್ಟಿಗೆ ಚಿಂದಿ ಆಗಬಾರದು ಅಂತ ತಂತಿ ಸುತ್ತಿ ಬೆಸುಗೆ ಹಾಕಿದ್ದು. ನೀನು ಶುದ್ಧ ಮಾಡೋಕೆ ಹೋಗಿ, ಆ ರೈಫಲ್ ಏನು ಕೆಲಸ ಮಾಡಿತ್ತು ಅನ್ನೋ ಸಾಕ್ಷೀನೇ ಕಿತ್ತಾಕ್ತಿದ್ದಿ.

ಸೊಸೆ: ಒಪ್ಪಿದೆ, ತಂತಿ ಮುಟ್ಟಲ್ಲ. ಆದರೆ ನನ್ನ ಪ್ರಶ್ನೆ ಹಂಗೇ ಉಳೀತು. ನೋಡೋಕೆ ಬರೋ ಹುಡುಗನಿಗೆ 1942ರಲ್ಲಿ ಸಿಪಾಯಿ ಹೆಗಲ ಮೇಲಿದ್ದದ್ದು ಏನು ಅಂತ ತಿಳೀಬೇಕೋ ಬ್ಯಾಡೋ? ನೀವು ತೋರಿಸೋದು ರಿಪೇರಿ ಶಾಪ್.

ಮಾವ: ಸಿಪಾಯಿ ಹೆಗಲ ಮೇಲಿದ್ದದ್ದು ಯಾವತ್ತೂ ರಿಪೇರಿ ಶಾಪಿನಿಂದ ಬಂದದ್ದೇ. ಬಟ್‌ನೇ ನೋಡು. ಈ .303, ಅಂದ್ರೆ ಲೀ-ಎನ್‌ಫೀಲ್ಡ್‌ಗೆ ಬಟ್ ಬೇರೆ ಬೇರೆ ಉದ್ದದಾಗೆ ಬರ್ತಿದ್ವು. ಗಿಡ್ಡನೇದಕ್ಕೆ ಎಸ್, ಉದ್ದನೇದಕ್ಕೆ ಎಲ್ ಅಂತ ಮೇಲೆ ಅಕ್ಷರ. ಕೈ ಉದ್ದ ಇರೋನಿಗೆ ಉದ್ದ ಬಟ್, ಗಿಡ್ಡ ಇರೋನಿಗೆ ಗಿಡ್ಡ ಬಟ್. ಒಂದೇ ಬೋಲ್ಟಿನ ಮೇಲೆ ನಿಂತಿರ್ತದೆ, ಬಿಚ್ಚಿ ಬೇರೆ ಹಾಕೋದು. ಬದಲಾಯಿಸ್ಲಿ ಅಂತ್ಲೇ ಮಾಡಿದ ಭಾಗಕ್ಕೆ ಅಸಲಿ ಯಾವುದು, ನಕಲಿ ಯಾವುದು? ಏನೂ ಬದಲಾಗದೆ ಉಳಿದ ರೈಫಲ್ ಬಹಳ ಮಟ್ಟಿಗೆ ಪೆಟ್ಟಿಗೆಯಾಗೇ ಕೂತಿದ್ದದ್ದು.

ಸೊಸೆ: ಅದೇ ಮಾತು ವ್ಯಾಪಾರದೋರೂ ಹೇಳ್ತಾರೆ ಮಾವ. ಬುಲೆಟ್ ಗಾಡಿ ಕೊಳ್ಳೋಕೆ ಹೋಗಿ ನೋಡಿ. "ಎಂಜಿನ್ ಬದಲಾಗಿದೆ ಅಷ್ಟೇ ಸಾರ್, ಗಾಡಿ ಒರಿಜಿನಲ್" ಅಂತಾರೆ. ಅದಕ್ಕೇ ಆರ್‌ಟಿಒನೋರು ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಬುಕ್ಕಿನಲ್ಲಿ ನೋಡೋದು. ರಿಪೇರಿನೂ ಚರಿತ್ರೆ ಅಂದುಬಿಟ್ರೆ ಮೋಸಕ್ಕೂ ಅದೇ ಹೊದಿಕೆ ಆಗುತ್ತೆ.

ಮಾವ: ಹೊದಿಕೆ ಆಗ್ತದೆ, ಹೂಂ. ನಮ್ಮ ಇಷಾಪುರದ್ದೇ 2ಎ1 ರೈಫಲ್ ಐತಲ್ಲ, ಚೀನಾ ಯುದ್ಧ ಆದ ಮೇಲೆ 7.62 ತೋಟಾಕ್ಕೆ ಅಂತ ಮಾಡಿದ್ದು. ಆಮೇಲೆ ಬೇಡಾಗಿ ಅಮೆರಿಕಕ್ಕೆ ಹೋದವು. ಅಲ್ಲಿ ಕೆಲವರು ಬ್ಯಾರಲ್ ಮೊಟಕು ಮಾಡಿ, ಮೂತಿಗೆ ಗಂಟೆಯಂಥದು ಸಿಗಿಸಿ, ಜಂಗಲ್ ಕಾರ್ಬೈನ್ ಹೆಸರಿನಾಗೆ ಮಾರಿದ್ರು. ನಿಜವಾದ ಜಂಗಲ್ ಕಾರ್ಬೈನ್ 1944ರಲ್ಲಿ ಬಂದ ನಂಬರ್ 5 ರೈಫಲ್, .303ದು. ತಿಳೀದೋನು 2ಎ1 ಅನ್ನೇ ಎರಡನೇ ಮಹಾಯುದ್ಧದ್ದು ಅನ್ಕೋತಾನೆ. ಮ್ಯಾಗಜಿನ್ ಪೆಟ್ಟಿಗೆ ಚೌಕ ಐತಾ, ಸೈಟ್ 800ಕ್ಕೇ ನಿಲ್ತದಾ ನೋಡಿದ್ರೆ ಗೊತ್ತಾಗ್ತದೆ.

ಸೊಸೆ: ನಾನು ಓದಿದ್ದು ಇನ್ನೊಂದಿದೆ. ಪೇಶಾವರದ ಕಡೆ ದರ್ರಾ ಆದಮ್ ಖೇಲ್‌ನಲ್ಲಿ ಕೈಯಲ್ಲೇ ಲೀ-ಎನ್‌ಫೀಲ್ಡ್ ಮಾಡ್ತಾರಂತೆ. ಕಿರೀಟ ಕೆತ್ತಿ, ಕೆಳಗೆ ವಿ.ಆರ್. ಅಂತ ರಾಣಿ ವಿಕ್ಟೋರಿಯಾ ಹೆಸರು, ಅದರಡಿ 1919ರಂಥ ಇಸವಿ! ರಾಣಿ ತೀರಿಕೊಂಡಿದ್ದು 1901ರಲ್ಲಿ.

ಮಾವ: ಎನ್ ಅಕ್ಷರ ತಿರುಗುಮುರುಗು ಕೆತ್ತಿರೋವೂ ಅದಾವೆ. ಅವು ಬದಲಾದ ಭಾಗ ಅಲ್ಲ, ಪೂರಾ ಸುಳ್ಳು.

ಸೊಸೆ: ಅಂದ್ರೆ ನೀವೂ ಎಲ್ಲೋ ಗೆರೆ ಎಳೀತೀರಿ. ಎಲ್ಲಿ, ಹೇಳಿ.

ಮಾವ: ಮುಚ್ಚಿಟ್ಟಿದ್ದೆಲ್ಲಿ, ಅಲ್ಲಿ. ಈ ಬೋಲ್ಟ್ ನೋಡು, ಹಳೇ ನಂಬರಿಗೆ ಗೆರೆ ಎಳೆದು ಬಿಟ್ಟಾರೆ, ಇನ್ನೂ ಓದೋಕೆ ಬರ್ತದೆ. ಹಳೇದನ್ನ ಅರದಿಂದ ಉಜ್ಜಿ ಹೊಸದು ಹೊಡೆದಿದ್ರೆ ಅಲ್ಲಿ ಲೋಹ ತಗ್ಗಾಗಿರ್ತಿತ್ತು. ಬೆರಳಿಟ್ರೆ ಗೊತ್ತಾಗ್ತದೆ. ಗೆರೆ ಎಳೆದೋನು ಲೆಕ್ಕ ಬರೆದಂಗೆ, ಉಜ್ಜಿದೋನು ಲೆಕ್ಕ ಅಳಿಸಿದಂಗೆ.

ಸೊಸೆ: ಚೆನ್ನಾಗಿದೆ. ಆದರೆ ಈ ಫೋಟೋ ನೋಡಿ. ಬಾಡಿ, ಬ್ಯಾರಲ್, ನೋಸ್ ಕ್ಯಾಪ್ ಎಲ್ಲದರ ಮೇಲೂ ದಪ್ಪ ಕರಿ ಪೇಂಟ್. ಅರ್ಧ ಮುದ್ರೆ ಅದರಡಿ ಹೋಗಿದೆ. ಇದನ್ನ ಹಚ್ಚಿದ್ದು ಯಾರು? ನೀವೇ, ಆರ್ಮರರ್‌ಗಳು. ಅದು ಮುಚ್ಚಿಟ್ಟಿದ್ದಲ್ವಾ?

ಮಾವ: ಅದು ತುಕ್ಕಿಗೆ ಹಚ್ಚೋದವ್ವ. ನೀಲಿ-ಕಪ್ಪು ಮೆರುಗು ಹೋದ ಮೇಲೆ ಮಳೆಗಾಲದಾಗೆ ಕಬ್ಬಿಣ ನಿಲ್ಲಲ್ಲ. ಫ್ಯಾಕ್ಟರಿ ರಿಪೇರಿಗೆ ಹೋದಾಗ ಪೇಂಟ್ ಆಗಿ ಬರ್ತಿದ್ವು.

ಸೊಸೆ: ಉದ್ದೇಶ ಒಳ್ಳೇದೇ. ಫಲ ಅದೇ. ನಿಮ್ಮ ನ್ಯಾಯದಲ್ಲಿ ಉಜ್ಜಿದೋನು ಕಳ್ಳ, ಬಳಿದೋನು ಸಂಭಾವಿತ!

ಮಾವ: ಬಳಿದದ್ದನ್ನ ತೆಗೀಬಹುದು, ಉಜ್ಜಿದ್ದು ವಾಪಸ್ ಬರಲ್ಲ. ಹಂಗಂತ ತೆಗೀಬ್ಯಾಡ. ಪೇಂಟೂ ಒಂದು ಕಾಲದ್ದೇ. ಸೀಮೆಸುಣ್ಣ ತಗೊಂಡು ಮುದ್ರೆ ಮೇಲೆ ಉಜ್ಜಿ, ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸು. ತಗ್ಗಿನಾಗೆ ಬಿಳಿ ನಿಲ್ತದೆ. ಟಾರ್ಚ್ ನೆಟ್ಟಗೆ ಹಿಡೀಬ್ಯಾಡ, ಓರೆಯಾಗಿ ಹಿಡಿ. ಮುಕ್ಕಾಲು ಮುದ್ರೆ ಓದೋಕೆ ಬರ್ತದೆ.

ಸೊಸೆ: ಉಳಿದ ಕಾಲು ಭಾಗ?

ಮಾವ: ಉಳೀಲಿ ಬಿಡು.

ಸೊಸೆ: ಅಲ್ಲೇ ನಾನು ನಿಮಗೆ ಒಪ್ಪಲ್ಲ. ಪೇಂಟ್ ಅಡಿ ಇರೋದು ಹಳೇ ಸಾಕ್ಷಿ. ಪೇಂಟು ನಿಮ್ಮ ಇಲಾಖೆಯ ಅಭ್ಯಾಸ. ಎರಡಕ್ಕೂ ಒಂದೇ ಬೆಲೆ ಕೊಡೋಕಾಗಲ್ಲ. ಇನ್ನೊಂದು ಕೇಳ್ತೀನಿ. ಈ ಬಟ್ಟಿಗೆ ಕಳೆದ ವರ್ಷ ಕಾಲೇಜಿನೋರು ವಾರ್ನಿಷ್ ಹೊಡೆಸಿದಾರೆ, ಹೊಳೀತಿದೆ. ಅದೂ ಚರಿತ್ರೇನಾ?

ಮಾವ: ಅದು ಹಾಳು ಮಾಡಿದ್ದು. ಆ ಕಟ್ಟಿಗೆಗೆ ಅಗಸೆ ಎಣ್ಣೆ ತಿಕ್ಕಬೇಕು.

ಸೊಸೆ: 1955ರಲ್ಲಿ ಫ್ಯಾಕ್ಟರಿ ಮಾಡಿದ್ರೆ ಚರಿತ್ರೆ, ಈಗ ಕಾಲೇಜು ಮಾಡಿದ್ರೆ ಹಾಳು. ಸರ್ಕಾರದ ಮುದ್ರೆ ಬಿದ್ರೆ ಮಾತ್ರ ಚರಿತ್ರೆ ಅನ್ನೋ ಹಂಗಾಯ್ತು.

ಮಾವ: ಮುದ್ರೆ ಅಂದ್ರೆ ಒಬ್ಬ ಇನ್‌ಸ್ಪೆಕ್ಟರ್ ನೋಡಿ ಜವಾಬ್ದಾರಿ ಹೊತ್ತ ಅಂತ ಅರ್ಥ. ವಾರ್ನಿಷ್ ಹೊಡೆದೋನು ಯಾವ ಜವಾಬ್ದಾರಿ ಹೊತ್ತ? ಆದರೆ ನೀನು ಕೇಳಿದ್ದಕ್ಕೆ ಪೂರಾ ಉತ್ತರ ನನ್ನ ಹತ್ರ ಇಲ್ಲ. ಐವತ್ತು ವರ್ಷ ಆದ ಮೇಲೆ ಯಾವನೋ ಆ ವಾರ್ನಿಷ್ ಮೇಲೂ ಪುಸ್ತಕ ಬರೆದಾನು.

ಸೊಸೆ: ಬಟ್ಟಿನ ಬಲಕ್ಕೆ ಒಂದು ದುಂಡನೆ ಗುಳಿ ಇದೆ, ಏನದು?

ಮಾವ: ಹಿತ್ತಾಳೆ ಬಿಲ್ಲೆ ಇರ್ತಿತ್ತು, ಪಲ್ಟನ್ ಹೆಸರು ಕೆತ್ತಿದ್ದು. ಬಟ್ ಹಿಂದಿನ ಬಾಗಿಲು ತೆಗೆದ್ರೆ ಒಳಗೆ ಎಣ್ಣೆ ಬಾಟ್ಲಿ, ಬ್ಯಾರಲ್ ಒರೆಸೋ ಪುಲ್‌ಥ್ರೂ ಹಗ್ಗ ಇಡೋ ಜಾಗ. ಕಟ್ಟಿಗೆಯನ್ನೂ ಓದಬೇಕವ್ವ. ಆಸ್ಟ್ರೇಲಿಯಾದ ಲಿತ್‌ಗೋ ಫ್ಯಾಕ್ಟರಿ ರೈಫಲ್‌ಗಳ ಕಟ್ಟಿಗೆ ಮೇಲೆ ಎರಡನೇ ಯುದ್ಧದಾಗೆ ಸ್ಲಾಜ್ ಅಂತ ಮುದ್ರೆ ಬೀಳ್ತಿತ್ತು. ಸ್ಲಾಜೆಂಜರ್, ಟೆನಿಸ್ ರಾಕೆಟ್ ಕಂಪನಿ! ಯುದ್ಧ ಬಂದಾಗ ಬಂದೂಕಿನ ಕಟ್ಟಿಗೆ ಕೊರೆದ್ರು. ಅಂಥ ಕಟ್ಟಿಗೆ ಇಷಾಪುರದ ಬಾಡಿ ಮೇಲೆ ಕಂಡ್ರೆ ಆಮೇಲೆ ಕೂಡಿಸಿದ್ದು ಅಂತ ಕಣ್ಣುಮುಚ್ಚಿ ಹೇಳು.

ಸೊಸೆ: ನಮ್ಮ ದೇಶದಲ್ಲಿ ಇಷ್ಟೆಲ್ಲ ಓದೋರು ಕಮ್ಮಿ ಯಾಕೆ ಮಾವ?

ಮಾವ: ಮನೇಲಿ ಇಟ್ಕೊಳ್ಳಂಗಿಲ್ಲವಲ್ಲ. ತ್ರೀ ನಾಟ್ ತ್ರೀ ಅಂದ್ರೆ ಸೈನ್ಯದ ಬೋರು, ಜನಕ್ಕೆ ನಿಷಿದ್ಧ. ಅದಕ್ಕೇ ಅದೇ ಲೀ-ಎನ್‌ಫೀಲ್ಡ್ ಯಂತ್ರಕ್ಕೆ .315 ತೋಟಾ ಹಾಕಿ ನಾಗರಿಕರಿಗೆ ಲೈಸೆನ್ಸ್ ಮೇಲೆ ಮಾರೋ ರೈಫಲ್ ಮಾಡಿದ್ರು. ಪೊಲೀಸರಿಗೆ, ಜೈಲು ಪಹರೆಗೆ ಅಂತ .303 ಅನ್ನೇ .410 ಮಸ್ಕೆಟ್ ಮಾಡಿದ್ರು. ಬ್ಯಾರಲ್ ಒಳಗೆ ನುಣುಪು, ಮ್ಯಾಗಜಿನ್ನಿಗೆ ಕಟ್ಟಿಗೆ ತುಂಡು ತುಂಬಿ ಒಂದೊಂದೇ ತೋಟಾ. ನೋಡೋಕೆ .303ನೇ. ಗುಂಡು ಹಾಕೋ ಬಾಯಿಗೆ ಇಣುಕಿದ್ರೆ ಮಾತ್ರ ಗೊತ್ತಾಗ್ತದೆ.

ಸೊಸೆ: ಕೊಡಗಿನಲ್ಲಿ ಬೇರೆ ಥರ ಅಲ್ವಾ? ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡ್ತಾರೆ. ಲೈಸೆನ್ಸ್ ವಿನಾಯಿತಿನೂ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದಾರೆ. ಅಲ್ಲಿ ಮನೆತನದ ಕೋವಿಗೆ ಹಿಡಿ ಬದಲಾದ್ರೆ ಯಾರೂ ಅಸಲಿ ಹೋಯ್ತು ಅನ್ನಲ್ಲ. ಅಜ್ಜನ ಕೋವಿ ಅಂತ್ಲೇ ಅಂತಾರೆ.

ಮಾವ: ಈಗ ನನ್ನ ಕಡೆ ಮಾತಾಡ್ತಿದ್ದಿ!

ಸೊಸೆ: ಇಲ್ಲ. ಮನೆತನಕ್ಕೆ ಅದು ಸಾಕು, ಪ್ರದರ್ಶನಕ್ಕೆ ಸಾಲದು. ಅಜ್ಜನ ಕೋವಿ ಅನ್ನೋದಕ್ಕೆ ಮನೆಯೋರ ನೆನಪು ಸಾಕ್ಷಿ. ನನ್ನ ರೈಫಲ್‌ಗೆ ನೆನಪು ಹೇಳೋರೇ ಇಲ್ಲ. ಅದರ ಮೇಲಿನ ಮುದ್ರೆ ಬಿಟ್ರೆ ಬೇರೆ ಬಾಯಿಲ್ಲ.

ಮಾವ: ಡಿ.ಪಿ. ಅಂತ ಮುದ್ರೆ ಬಿದ್ದೈತಲ್ಲ, ಬಿಳಿ ಪಟ್ಟಿ ಬಳಿದೈತಲ್ಲ, ಅದನ್ನೂ ಬರಿ. ಡ್ರಿಲ್ ಪರ್ಪಸ್. ಗುಂಡು ಹಾರಿಸೋಕೆ ಬರಲ್ಲ ಅಂತ ತೀರ್ಮಾನ ಆದ ಮೇಲೆ ಕವಾಯತಿಗೆ ಅಂತ ಬಿಟ್ಟಿದ್ದು. ಎನ್‌ಸಿಸಿ ಶುರುವಾದದ್ದು 1948ರಲ್ಲಿ. ಎಷ್ಟು ಹುಡುಗರು ಇವುಗಳಲ್ಲಿ ಸಲಾಮಿ ಶಸ್ತ್ರ್ ಕಲಿತ್ರೋ. ಉತ್ತರ ಪ್ರದೇಶದ ಪೊಲೀಸರು .303ಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವಕ್ಕೆ. ಇದರ ಆಯಸ್ಸು ಅಷ್ಟುದ್ದ. 1942 ಒಂದನ್ನೇ ಬರೆದ್ರೆ ಉಳಿದ ಆಯಸ್ಸು ನುಂಗಿದಂಗೆ.

ಸೊಸೆ: ಹಂಗಾದ್ರೆ ಹೊಸ ಚೀಟಿ ಕೇಳಿ. "ಬಾಡಿ: ಇಷಾಪುರ, 1942. ಬ್ಯಾರಲ್: 1955, ಬಾಡಿ ನಂಬರ್ ಆಮೇಲೆ ಹೊಡೆದದ್ದು. ಬೋಲ್ಟ್: ಬೇರೊಂದು ರೈಫಲ್‌ನದು, ಹಳೇ ನಂಬರ್ ಕಾಣುತ್ತದೆ. ನೋಸ್ ಕ್ಯಾಪ್: ನಂಬರ್ ಕೂಡುವುದಿಲ್ಲ. ಮುಂದಿನ ಕಟ್ಟಿಗೆ: ಬದಲಾದದ್ದು, ಇಷಾಪುರದ ಅಡ್ಡ ಸ್ಕ್ರೂ ಇದೆ. ಬಟ್ಟಿನ ವಾರ್ನಿಷ್: ಕಾಲೇಜಿನದು. ಕೊನೆಯ ಸೇವೆ: ಕವಾಯತು." ಅಸಲಿ ಅನ್ನೋ ಮಾತು ತೆಗೆದೆ.

ಮಾವ: ತಂತಿ ಸುತ್ತಿದ್ದನ್ನೂ ಪಕ್ಕದಾಗೇ ಇಡು. ಎರಡೂ ಇದ್ರೆ ಕಟ್ಟಿಗೆ ಯಾಕೆ ಬದಲಾಯ್ತು ಅಂತ ಹುಡುಗರು ಕೇಳ್ತಾರೆ.

ಸೊಸೆ: ಇಡ್ತೀನಿ. ಪೇಂಟ್ ವಿಚಾರ ಮಾತ್ರ ಯೂನಿಟ್‌ಗೆ ಬರೆದು ಕೇಳ್ತೀನಿ. ಒಂದು ಬೆರಳಗಲ, ಇನ್‌ಸ್ಪೆಕ್ಷನ್ ಮುದ್ರೆ ಇರೋ ಕಡೆ ತೆಗೆಯೋಕೆ ಪರ್ಮಿಷನ್ ಕೊಡಿ ಅಂತ.

ಮಾವ: ಕೇಳು. ನನ್ನ ಕೇಳಿದ್ರೆ ಬ್ಯಾಡ ಅಂತ್ಲೇ ಹೇಳ್ತೀನಿ.

ಇಬ್ಬರಲ್ಲಿ ಯಾರ ಮಾತು ಸರಿ ಅನ್ನುವುದನ್ನು ಓದುಗರಿಗೇ ಬಿಡೋಣ. ಶಾಲೆ ಕಾಲೇಜುಗಳ ಎನ್‌ಸಿಸಿ ಕೋಣೆ, ಪೊಲೀಸ್ ವಸ್ತು ಸಂಗ್ರಹಾಲಯಗಳ ಉಸ್ತುವಾರಿಯಲ್ಲಿ ಇರುವವರಿಗೆ ಒಂದು ವಿನಂತಿ. ಮುಂದಿನ ಸಲ ಬಣ್ಣ ಹೊಡೆಸುವ ಮುನ್ನ, ವಾರ್ನಿಷ್ ಹಚ್ಚಿಸುವ ಮುನ್ನ, ಬಟ್ ಸಾಕೆಟ್, ಬ್ಯಾರಲ್ ಬುಡ, ಬೋಲ್ಟ್ ಹಿಡಿಯ ಹಿಂಭಾಗ, ಸೈಟ್ ಎಲೆಯ ಅಡಿ, ನೋಸ್ ಕ್ಯಾಪ್, ಮುಂದಿನ ಕಟ್ಟಿಗೆಯ ಅಡಿ ಈ ಆರು ಜಾಗಗಳ ಫೋಟೋ ತೆಗೆದು ಸ್ಟಾಕ್ ರಿಜಿಸ್ಟರಿಗೆ ಅಂಟಿಸಿ. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂಬ ಜಗಳವನ್ನು ಮುಂದೆ ಬರುವವರೂ ಆಡಬೇಕಾದರೆ ಅವರ ಕೈಯಲ್ಲಿ ಅಷ್ಟಾದರೂ ಇರಬೇಕು.